ವೆನಿಸ್, ಆಮ್‌ಸ್ಟರ್‌ಡ್ಯಾಮ್, ಆಲಪ್ಪುಳ: ಕರಾವಳಿಯವರು ಯಾವ ಕಾಲುವೆ ನಗರವನ್ನು ಆರಿಸಿಕೊಳ್ಳಬೇಕು?

ಕಾಲುವೆಗಳ ನಗರವೊಂದನ್ನು ನೋಡಿ ಬರಬೇಕೆಂಬ ಆಸೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಮೂಡಿದಾಗ ಮಾತಿಗೆ ಬರುವ ಹೆಸರುಗಳು ಸಾಮಾನ್ಯವಾಗಿ ಮೂರು: ವೆನಿಸ್, ಆಮ್‌ಸ್ಟರ್‌ಡ್ಯಾಮ್ ಮತ್ತು ನಮ್ಮ ಪಕ್ಕದ ಆಲಪ್ಪುಳ, ಅಂದರೆ ಹಿಂದಿನವರ ಬಾಯಲ್ಲಿ ಆಲೆಪ್ಪಿ. ಪ್ರವಾಸ ಕಂಪನಿಗಳ ಕರಪತ್ರಗಳಲ್ಲಿ ಮೂರೂ ಒಂದೇ ತರಹ ಕಾಣುತ್ತವೆ. ನೀರು, ದೋಣಿ, ಮುಳುಗುವ ಸೂರ್ಯ. ಬಯಲುಸೀಮೆಯವರಿಗೆ ಆ ಚಿತ್ರವೇ ಸಾಕಾಗಬಹುದು. ಆದರೆ ಕೆಮ್ಮಣ್ಣಿನ ತೂಗುಸೇತುವೆಯ ಮೇಲೆ ನಿಂತು ಸ್ವರ್ಣಾ ನದಿಯನ್ನು ನೋಡಿದವರು, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದವರು, ಮಳೆಗಾಲದಲ್ಲಿ ಅಂಗಳದವರೆಗೆ ನೆರೆ ಬಂದುದನ್ನು ಕಂಡವರು ಬರಿಯ ನೀರಿನ ನೋಟಕ್ಕಾಗಿ ರಜೆಯನ್ನೂ ದುಡ್ಡನ್ನೂ ವ್ಯಯಿಸಬೇಕಾದ ಅಗತ್ಯವಿಲ್ಲ. ಅಂಥವರಿಗೆ ನಾನು ಸೂಚಿಸುವ ಅಳತೆಗೋಲು ಬೇರೆ. ಆ ಊರಿನಲ್ಲಿ ನೀರು ಇಂದಿಗೂ ಯಾವ ಯಾವ ಕೆಲಸ ಮಾಡುತ್ತಿದೆ, ಆ ಕೆಲಸವನ್ನು ಹೊರಗಿನಿಂದ ಬಂದವರು ಎಷ್ಟು ಹತ್ತಿರದಿಂದ ನೋಡಬಹುದು ಎಂಬುದನ್ನು ಕೇಳಿಕೊಂಡು ಊರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹಾಗೆ ಕೇಳಿದಾಗ ಈ ಮೂರು ನಗರಗಳು ಒಂದಕ್ಕೊಂದು ಬಹಳ ದೂರ ನಿಲ್ಲುತ್ತವೆ.

ಮೂರು ಕಾಲುವೆ, ಮೂರು ಕಾರಣ

ವೆನಿಸ್ಸಿನ ಕಾಲುವೆಗಳ ಪೈಕಿ ಬಹುಪಾಲು ಯಾರೂ ತೋಡಿದ್ದಲ್ಲ. ಉಪ್ಪುನೀರಿನ ಆಳವಿಲ್ಲದ ಖಾರಿಯಲ್ಲಿ ನೂರಕ್ಕೂ ಮಿಕ್ಕಿದ ಕಿರುದ್ವೀಪಗಳಿದ್ದವು; ಜನ ಅವುಗಳ ಅಂಚನ್ನು ಗಟ್ಟಿಗೊಳಿಸಿ, ಕೆಸರಿನಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಬಡಿದು, ಅದರ ಮೇಲೆ ಕಲ್ಲು ಕಟ್ಟಿ ಮನೆ ಎಬ್ಬಿಸಿದಾಗ ನಡುವೆ ಉಳಿದ ನೀರೇ ಕಾಲುವೆಯಾಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮೊದಲು ಬಂದದ್ದು ನಕ್ಷೆ. 1613ರಿಂದ ಆರಂಭಿಸಿ ಹೆರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಎಂಬ ಮೂರು ಮುಖ್ಯ ಕಾಲುವೆಗಳನ್ನು ಹಳೆಯ ಪೇಟೆಯ ಸುತ್ತ ಅರ್ಧವೃತ್ತದಂತೆ ಅಗೆದು, ಬಂದ ಮಣ್ಣಿನಿಂದ ನೆಲವನ್ನು ಎತ್ತರಿಸಿ, ನಿವೇಶನಗಳನ್ನು ಅಳೆದು ಮಾರಿದರು. ನಗರ ವಿಸ್ತರಣೆಯ ಈ ಹದಿನೇಳನೆಯ ಶತಮಾನದ ಯೋಜನೆಯನ್ನು ಯುನೆಸ್ಕೊ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಲಪ್ಪುಳದ ಪಟ್ಟಣದೊಳಗಿನ ಕಾಲುವೆಗಳು ವ್ಯಾಪಾರದ ಲೆಕ್ಕಾಚಾರದಿಂದ ಹುಟ್ಟಿದವು. ತಿರುವಾಂಕೂರಿನ ದಿವಾನನಾಗಿದ್ದ ರಾಜಾ ಕೇಶವದಾಸನು ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಬಂದರನ್ನು ಬೆಳೆಸಿದಾಗ, ಒಳನಾಡಿನ ಮೆಣಸು, ಏಲಕ್ಕಿ, ಕೊಬ್ಬರಿಯನ್ನು ವೆಂಬನಾಡು ಕಾಯಲು ಎಂಬ ಹಿನ್ನೀರಿನಿಂದ ನೇರವಾಗಿ ಕಡಲ ದಂಡೆಗೆ ಸಾಗಿಸಲು ಎರಡು ಸಮಾನಾಂತರ ಕಾಲುವೆಗಳನ್ನು ತೋಡಲಾಯಿತು.

ಈ ಹುಟ್ಟಿನ ವ್ಯತ್ಯಾಸವೇ ಪ್ರವಾಸಿಯ ಮುಂದಿನ ಎಲ್ಲ ತೀರ್ಮಾನಗಳನ್ನು ನಿರ್ಧರಿಸುತ್ತದೆ. ವೆನಿಸ್ಸಿನಲ್ಲಿ ಕಾಲುವೆಗೆ ಪರ್ಯಾಯವಾದ ವಾಹನ ರಸ್ತೆಯೇ ಇಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಬಹುತೇಕ ಕಾಲುವೆಗಳ ಎರಡು ಬದಿಯಲ್ಲೂ ರಸ್ತೆ, ಮರಗಳ ಸಾಲು, ಸೈಕಲ್ಲುಗಳಿವೆ. ಆಲಪ್ಪುಳದಲ್ಲಿ ಪಟ್ಟಣದ ಕಾಲುವೆಗಳು ತಮ್ಮ ವ್ಯಾಪಾರವನ್ನು ಕಳೆದುಕೊಂಡು ಮೂಕವಾಗಿವೆ, ಆದರೆ ಪಟ್ಟಣ ದಾಟಿದ ಕೂಡಲೇ ಕುಟ್ಟನಾಡು ಎಂಬ ತಗ್ಗು ಗದ್ದೆಗಳ ಸೀಮೆಯಲ್ಲಿ ನೀರು ಪೂರ್ಣಾವಧಿ ದುಡಿಯುತ್ತಿದೆ.

ವೆನಿಸ್: ರಸ್ತೆಯೇ ಇಲ್ಲದ ಊರು

ವೆನಿಸ್ಸಿಗೆ ರೈಲು 1846ರಲ್ಲಿ ಬಂತು. ಬಸ್ಸು, ಕಾರುಗಳು ಪಿಯಾತ್ಸಾಲೆ ರೋಮಾ ಎಂಬ ಅಂಚಿನ ಚೌಕದವರೆಗೆ ಮಾತ್ರ ಬರುತ್ತವೆ. ಅಲ್ಲಿಂದ ಮುಂದೆ ಕಾಲ್ನಡಿಗೆ ಅಥವಾ ದೋಣಿ. ಇದನ್ನು ಓದಿ ತಿಳಿದಿರುವುದಕ್ಕೂ ಕಣ್ಣಾರೆ ಕಾಣುವುದಕ್ಕೂ ಅಂತರವಿದೆ. ಬೆಳಗ್ಗೆ ಏಳು, ಎಂಟು ಗಂಟೆಯ ಹೊತ್ತಿಗೆ ಯಾವುದಾದರೊಂದು ಚಿಕ್ಕ ಕಾಲುವೆಯ ಕಟ್ಟೆಯ ಮೇಲೆ ನಿಂತರೆ ಊರಿನ ಯಂತ್ರವೆಲ್ಲ ಕಣ್ಣೆದುರು ತೆರೆದುಕೊಳ್ಳುತ್ತದೆ. ಹೋಟೆಲಿನ ಹಾಸಿಗೆ ಬಟ್ಟೆ, ನೀರಿನ ಬಾಟಲಿ, ಸಿಮೆಂಟು, ತರಕಾರಿ ಎಲ್ಲವೂ ಸರಕು ದೋಣಿಯಲ್ಲಿ ಬರುತ್ತವೆ. ಅವುಗಳನ್ನು ಇಳಿಸಿ ಒಯ್ಯುವ ಕೈಗಾಡಿಯನ್ನು ಗಮನಿಸಬೇಕು: ಹಿಂದೆ ಎರಡು ದೊಡ್ಡ ಚಕ್ರಗಳಿದ್ದರೆ ಮುಂದಕ್ಕೆ ಚಾಚಿದ ಎರಡು ಚಿಕ್ಕ ಚಕ್ರಗಳಿರುತ್ತವೆ. ಸೇತುವೆಯ ಮೆಟ್ಟಿಲಿಗೆ ಬಂದಾಗ ಆಳು ಗಾಡಿಯನ್ನು ವಾಲಿಸಿ ಚಿಕ್ಕ ಚಕ್ರವನ್ನು ಮೇಲಿನ ಮೆಟ್ಟಿಲಿಗೆ ಊರಿ, ದೊಡ್ಡ ಚಕ್ರವನ್ನು ಎತ್ತಿ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸುತ್ತಾನೆ. ಕಸ ಸಂಗ್ರಹಿಸುವವರೂ ಗಾಡಿ ತಳ್ಳಿಕೊಂಡು ದಡಕ್ಕೆ ಬರುತ್ತಾರೆ. ಅಲ್ಲಿ ದೋಣಿಯ ಮೇಲಿನ ಕ್ರೇನು ಗಾಡಿಯನ್ನೇ ಎತ್ತಿ ಬರಿದು ಮಾಡುತ್ತದೆ. ಆಂಬ್ಯುಲೆನ್ಸ್, ಅಗ್ನಿಶಾಮಕ, ಶವಯಾತ್ರೆ ಎಲ್ಲವೂ ನೀರಿನ ಮೇಲೆಯೇ. ನಾನೂರಕ್ಕೂ ಹೆಚ್ಚು ಸೇತುವೆಗಳಿರುವ ಈ ಊರಿನಲ್ಲಿ ಸುಮಾರು 3.8 ಕಿಲೋಮೀಟರ್ ಉದ್ದದ ಮಹಾಕಾಲುವೆಯನ್ನು ದಾಟಲು ಇರುವ ಸೇತುವೆಗಳು ನಾಲ್ಕೇ ನಾಲ್ಕು, ಅವುಗಳಲ್ಲಿ ಅತಿ ಹಳೆಯದಾದ ರಿಯಾಲ್ತೊ 1591ರದ್ದು. ಸೇತುವೆ ದೂರವಿರುವ ಕಡೆ ಜನ ತ್ರಾಗೆತ್ತೊ ಎಂಬ ದಾಟುದೋಣಿಯನ್ನು ಹಿಡಿಯುತ್ತಾರೆ. ಇಬ್ಬರು ಹುಟ್ಟುಗಾರರು ನಡೆಸುವ ಇದು ಗೊಂಡೊಲಾದ ಅಣ್ಣನೇ. ದರ 2 ಯೂರೋ ಅಷ್ಟೆ. ಅಲಂಕಾರದ ಗೊಂಡೊಲಾಕ್ಕೆ ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೋ ಎಂಬುದು ಅಲ್ಲಿನ ಅಧಿಕೃತ ದರ. ಫೋಟೋ ಬೇಕೇ ಬೇಕು ಎನ್ನುವವರು ಐದು ಜನ ಸೇರಿ ಹಂಚಿಕೊಳ್ಳಬಹುದು. ಉಳಿದವರಿಗೆ ತ್ರಾಗೆತ್ತೊ ಧಾರಾಳವಾಯಿತು.

ಮಲ್ಪೆ ಅಥವಾ ಮಂಗಳೂರಿನ ಧಕ್ಕೆಯ ಪರಿಚಯವಿರುವವರು ರಿಯಾಲ್ತೊದ ಮೀನು ಮಾರುಕಟ್ಟೆಯನ್ನು ತಪ್ಪಿಸಬಾರದು. ಮಂಗಳವಾರದಿಂದ ಶನಿವಾರದವರೆಗೆ ಬೆಳಗಿನ ಹೊತ್ತು ಮಾತ್ರ ನಡೆಯುವ ಆ ಮಾರುಕಟ್ಟೆಯ ಗೋಡೆಯ ಮೇಲೆ ಹಳೆಯ ಕಲ್ಲಿನ ಫಲಕವೊಂದಿದೆ. ಯಾವ ಜಾತಿಯ ಮೀನು ಎಷ್ಟು ಉದ್ದಕ್ಕಿಂತ ಚಿಕ್ಕದಿದ್ದರೆ ಮಾರುವಂತಿಲ್ಲ ಎಂಬ ಪಟ್ಟಿಯನ್ನು ಅದರಲ್ಲಿ ಕೆತ್ತಿದ್ದಾರೆ. ನಮ್ಮ ಬೂತಾಯಿಯ ಬಳಗದ ಮೀನಿಗೆ 7 ಸೆಂಟಿಮೀಟರ್. ಮರಿಮೀನು ಹಿಡಿಯುವುದರ ಬಗ್ಗೆ ನಮ್ಮ ಬಂದರುಗಳಲ್ಲಿ ಇಂದು ನಡೆಯುತ್ತಿರುವ ವಾದವನ್ನು ಕೇಳಿದವರಿಗೆ ಆ ಫಲಕದ ಮುಂದೆ ಒಂದಿಷ್ಟು ಹೊತ್ತು ನಿಲ್ಲಬೇಕೆನಿಸುತ್ತದೆ. ಅದೇ ಮೀನನ್ನು ಹುರಿದು, ಈರುಳ್ಳಿ, ವಿನೆಗರ್, ಒಣದ್ರಾಕ್ಷಿಯೊಂದಿಗೆ ನೆನೆಹಾಕಿದ ಸಾರ್ದೆ ಇನ್ ಸಾವೋರ್ ಎಂಬ ತಿನಿಸು ಸುತ್ತಲಿನ ಚಿಕ್ಕ ಚಿಕ್ಕ ಅಂಗಡಿಗಳಲ್ಲಿ ಸಿಗುತ್ತದೆ. ಸಿಹಿಹುಳಿ ಕೂಡಿದ ಆ ರುಚಿ ನಮ್ಮ ಪುಳಿಮುಂಚಿಗೆ ಒಗ್ಗಿದ ನಾಲಗೆಗೆ ಮೊದಲ ತುತ್ತಿನಲ್ಲಿ ವಿಚಿತ್ರವೆನಿಸಿದರೂ ಎರಡನೆಯದರಲ್ಲಿ ಹಿಡಿಸುತ್ತದೆ.

ವೆನಿಸ್ಸನ್ನು ಅರ್ಥ ಮಾಡಿಕೊಳ್ಳಲು ಕರಾವಳಿಯವರಲ್ಲಿರುವ ಇನ್ನೊಂದು ಬಂಡವಾಳವೆಂದರೆ ಹೂಳಿನ ಅನುಭವ. ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಾಗಿ ಕಡಲು ಸೇರುವ ಅಳಿವೆಯಲ್ಲಿ ಹೂಳು ತುಂಬುವುದರಿಂದ ಹಳೆ ಬಂದರಿಗೆ ದೊಡ್ಡ ಹಡಗು ಬರಲಾಗದೆ, ಕೊನೆಗೆ ಪಣಂಬೂರಿನಲ್ಲಿ 1974ರಲ್ಲಿ ನವಮಂಗಳೂರು ಬಂದರು ಆರಂಭವಾದ ಕತೆ ನಮಗೆ ಗೊತ್ತಿದೆ. ವೆನಿಸ್ ಗಣರಾಜ್ಯಕ್ಕೂ ಅದೇ ಭಯವಿತ್ತು. ತನ್ನ ಖಾರಿ ಹೂಳಿನಿಂದ ತುಂಬಿ ನೆಲವಾಗಿಬಿಟ್ಟರೆ ತನಗೆ ರಕ್ಷಣೆಯೂ ಇಲ್ಲ, ವ್ಯಾಪಾರವೂ ಇಲ್ಲ ಎಂದರಿತ ಆ ಆಡಳಿತ ಬ್ರೆಂತಾ, ಪಿಯಾವೆ ಮುಂತಾದ ನದಿಗಳನ್ನೇ ತಿರುಗಿಸಿ ಅವು ಖಾರಿಯ ಹೊರಗೆ ಕಡಲು ಸೇರುವಂತೆ ಮಾಡಿತು. ಈಗಿನ ತೊಂದರೆ ಹೂಳಲ್ಲ, ಕಡಲ ಉಬ್ಬರ. 1966ರ ನವೆಂಬರಿನಲ್ಲಿ ನೀರು 194 ಸೆಂಟಿಮೀಟರ್ ಮಟ್ಟಕ್ಕೂ, 2019ರ ನವೆಂಬರಿನಲ್ಲಿ 187 ಸೆಂಟಿಮೀಟರ್ ಮಟ್ಟಕ್ಕೂ ಏರಿತ್ತು. ಖಾರಿಯ ಬಾಯಿಗಳಲ್ಲಿ ಕಡಲ ತಳದಿಂದ ಮೇಲೇಳುವ ಮೋಸೆ ಎಂಬ ಬಾಗಿಲುಗಳನ್ನು 2020ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ನಿಜವಾದ ಉಬ್ಬರದ ಎದುರು ಎತ್ತಲಾಯಿತು. ಆ ಬಳಿಕ ಊರು ಮುಳುಗುವುದು ಬಹಳ ಕಡಿಮೆಯಾಗಿದೆ.

ದೋಷಗಳೂ ಸಣ್ಣವಲ್ಲ. ಐತಿಹಾಸಿಕ ಕೇಂದ್ರದಲ್ಲಿ ವಾಸಿಸುವವರ ಸಂಖ್ಯೆ ಐವತ್ತು ಸಾವಿರಕ್ಕಿಂತ ಕೆಳಗಿಳಿದಿದೆ. ಹಗಲಿನಲ್ಲಿ ಸಾನ್ ಮಾರ್ಕೊ ಚೌಕ ಮತ್ತು ರಿಯಾಲ್ತೊ ನಡುವಿನ ಓಣಿಗಳಲ್ಲಿ ಪ್ರವಾಸಿಗಳ ಹೊರತು ಊರಿನವರೇ ಕಾಣುವುದಿಲ್ಲ. ರಾತ್ರಿ ತಂಗದೆ ಹಗಲು ಮಾತ್ರ ಬಂದು ಹೋಗುವವರಿಗೆ 2024ರ ಏಪ್ರಿಲ್ 25ರಿಂದ ಕೆಲವು ದಟ್ಟಣೆಯ ದಿನಗಳಲ್ಲಿ ಪ್ರವೇಶ ಶುಲ್ಕವನ್ನೂ ವಿಧಿಸುತ್ತಿದ್ದಾರೆ. ಹತ್ತು ದಿನಗಳಲ್ಲಿ ಆರು ದೇಶ ತೋರಿಸುವ ಗುಂಪು ಪ್ರವಾಸಗಳು ಜನರನ್ನು ಖಾರಿಯಾಚೆ ನೆಲದ ಮೇಲಿರುವ ಮೆಸ್ತ್ರೆಯ ಹೋಟೆಲಿನಲ್ಲಿಟ್ಟು, ಹನ್ನೊಂದು ಗಂಟೆಗೆ ವೆನಿಸ್ಸಿಗೆ ತಂದು, ನಾಲ್ಕಕ್ಕೆ ಹೊರಡಿಸುತ್ತವೆ. ಅದು ಊರಿನ ಅತಿ ಕೆಟ್ಟ ಐದು ಗಂಟೆಗಳು. ಹಾಗೆ ಹೋಗುವುದಾದರೆ ವೆನಿಸ್ಸನ್ನು ಪಟ್ಟಿಯಿಂದ ತೆಗೆದುಹಾಕುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕನಿಷ್ಠ ಮೂರು ರಾತ್ರಿ ದ್ವೀಪದೊಳಗೇ, ಕನ್ನರೇಜೊ ಅಥವಾ ಕಾಸ್ತೆಲ್ಲೊದಂತಹ ವಸತಿ ಪ್ರದೇಶದಲ್ಲಿ ತಂಗಬೇಕು. ಆಗ ಸಂಜೆ ಶಾಲೆ ಬಿಟ್ಟ ಮಕ್ಕಳು ಚರ್ಚಿನ ಎದುರಿನ ಚೌಕದಲ್ಲಿ ಚೆಂಡಾಡುವುದು, ಹಿರಿಯರು ಬೆಂಚಿನ ಮೇಲೆ ಹರಟುವುದು, ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗುವುದು ಕಾಣಸಿಗುತ್ತದೆ. ವಾಪೊರೆಟ್ಟೊ ಎಂಬ ಸಾರ್ವಜನಿಕ ದೋಣಿಗೆ ಒಂದು ಸಲದ ಟಿಕೆಟು 9.50 ಯೂರೋದಷ್ಟು ದುಬಾರಿಯಾದುದರಿಂದ ಮೂರು ದಿನದ ಪಾಸು ಕೊಳ್ಳುವುದು ಲಾಭ. ಆ ಪಾಸಿನಲ್ಲೇ ಗಾಜಿನ ಕುಲುಮೆಗಳ ಮುರಾನೊ, ಬಣ್ಣದ ಮನೆಗಳ ಬುರಾನೊ ದ್ವೀಪಗಳಿಗೂ ಹೋಗಿ ಬರಬಹುದು. ಬೆಂಕಿಯ ಅಪಾಯವೆಂದು 1291ರಲ್ಲಿ ಗಾಜಿನ ಕುಲುಮೆಗಳನ್ನು ಮುರಾನೊಗೆ ಕಳುಹಿಸಿದ್ದರಂತೆ. ಇಂದು ಅಲ್ಲಿನ ಪ್ರದರ್ಶನಗಳು ಹೆಚ್ಚಿನಂಶ ಮಾರಾಟದ ಮುನ್ನುಡಿಯಾಗಿರುವುದರಿಂದ, ಸಮಯ ಕಡಿಮೆಯಿದ್ದವರು ಬುರಾನೊವನ್ನು ಆರಿಸಿಕೊಳ್ಳಲಿ.

ಆಮ್‌ಸ್ಟರ್‌ಡ್ಯಾಮ್: ಲೆಕ್ಕ ಹಾಕಿ ಕಟ್ಟಿದ ನೀರು

ಆಮ್‌ಸ್ಟರ್‌ಡ್ಯಾಮಿನ ಸೊಗಸು ಮನೆಗಳ ಮುಖದಲ್ಲಿದೆ. ಕಾಲುವೆಯ ಬದಿಯ ನಿವೇಶನಗಳು ಕಿರಿದಾಗಿ, ಹಿಂದಕ್ಕೆ ಉದ್ದವಾಗಿದ್ದುದರಿಂದ ಮನೆಗಳೂ ಹಾಗೆಯೇ ಕಿರಿದಾಗಿ ಎತ್ತರಕ್ಕೆ ಬೆಳೆದವು. ಒಳಗಿನ ಮೆಟ್ಟಿಲು ನಮ್ಮ ಹಳೆಯ ಮನೆಗಳ ಅಟ್ಟದ ಏಣಿಯಷ್ಟೇ ಕಡಿದು. ಮಂಚ, ಬೀರುವನ್ನು ಅದರಲ್ಲಿ ಹತ್ತಿಸುವುದು ಅಸಾಧ್ಯ. ಅದಕ್ಕಾಗಿ ಹೆಚ್ಚಿನ ಮನೆಗಳ ನೆತ್ತಿಯಿಂದ ಒಂದು ತೊಲೆ ಹೊರಚಾಚಿ, ಅದರ ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇರುತ್ತದೆ. ವ್ಯಾಪಾರಿಯ ಮನೆಯೇ ಗೋದಾಮೂ ಆಗಿದ್ದ ಕಾಲದಲ್ಲಿ ದೋಣಿಯಿಂದ ಇಳಿದ ಮೆಣಸು, ಚಕ್ಕೆಯ ಮೂಟೆಗಳನ್ನು ಆ ಕೊಕ್ಕೆಗೆ ಹಗ್ಗ ಹಾಕಿ ಅಟ್ಟಕ್ಕೆ ಎಳೆಯುತ್ತಿದ್ದರು. ಮೂಟೆ ಗೋಡೆಗೆ, ಕಿಟಕಿಗೆ ತಾಗದಿರಲೆಂದು ಮುಂಗೋಡೆಯನ್ನು ಬೇಕೆಂದೇ ತುಸು ಮುಂದಕ್ಕೆ ವಾಲುವಂತೆ ಕಟ್ಟಿದ್ದಾರೆ. ಇಂದಿಗೂ ಮನೆ ಬದಲಿಸುವವರು ಸೋಫಾವನ್ನು ಹಾಗೆಯೇ ಕಿಟಕಿಯ ಮೂಲಕ ಒಳಗೆ ಸೇರಿಸುವುದುಂಟು. ಮುಂದಕ್ಕೆ ವಾಲಿದ್ದು ಉದ್ದೇಶಪೂರ್ವಕವಾದರೆ ಪಕ್ಕಕ್ಕೆ ವಾಲಿದ್ದು ಅಡಿಪಾಯ ಕುಸಿದದ್ದರ ಗುರುತು. ವೆನಿಸ್ಸಿನ ಹಾಗೆ ಈ ಊರೂ ಮರದ ಗೂಟಗಳ ಮೇಲೆಯೇ ನಿಂತಿದೆ. ಡಾಮ್ ಚೌಕದ ಅರಮನೆಯ ಕೆಳಗಿರುವ ಗೂಟಗಳ ಸಂಖ್ಯೆ 13,659; ವರ್ಷದ ದಿನಗಳಾದ 365ರ ಹಿಂದೆ ಒಂದನ್ನೂ ಮುಂದೆ ಒಂಬತ್ತನ್ನೂ ಸೇರಿಸಿ ನೆನಪಿಟ್ಟುಕೊಳ್ಳಲು ಅಲ್ಲಿನ ಶಾಲಾ ಮಕ್ಕಳಿಗೆ ಕಲಿಸುತ್ತಾರೆ.

ಇಲ್ಲಿ ಕಾಲುವೆ ಸಾಮಾನು ಸಾಗಣೆಯನ್ನು ಬಹುಮಟ್ಟಿಗೆ ಬಿಟ್ಟಿದೆ. ಅದರ ಈಗಿನ ಕೆಲಸ ನೀರಿನ ಮಟ್ಟವನ್ನು ಕಾಯುವುದು ಮತ್ತು ಜನರಿಗೆ ನೆಲೆ ಕೊಡುವುದು. ಎರಡು ಸಾವಿರಕ್ಕೂ ಮಿಕ್ಕಿದ ದೋಣಿಮನೆಗಳು ಅಂಚಿಗೆ ಕಟ್ಟಿಕೊಂಡು ನಿಂತಿವೆ. ಅಂಚೆಪೆಟ್ಟಿಗೆ, ಹೂಕುಂಡ, ವಿದ್ಯುತ್ ಸಂಪರ್ಕ ಎಲ್ಲ ಇರುವ ಅಸಲಿ ಸಂಸಾರಗಳು ಅವುಗಳಲ್ಲಿವೆ. ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಗಳ ತಳದಿಂದ ವರ್ಷಕ್ಕೆ ಸಾವಿರಾರು ಸೈಕಲ್ಲುಗಳನ್ನು ಮೇಲೆತ್ತುತ್ತಾರೆ. ಕಾಲುವೆಯ ಆಳ ಮೂರು ಮೀಟರ್, ಒಂದು ಮೀಟರ್ ಕೆಸರು, ಒಂದು ಮೀಟರ್ ಸೈಕಲ್, ಒಂದು ಮೀಟರ್ ನೀರು ಎಂದು ಊರಿನವರೇ ತಮಾಷೆ ಮಾಡುತ್ತಾರೆ. ನಮ್ಮವರು ಎಚ್ಚರ ವಹಿಸಬೇಕಾದದ್ದು ದಡದ ಮೇಲಿನ ಸೈಕಲ್ಲುಗಳ ಬಗ್ಗೆ. ಕೆಂಪು ಬಣ್ಣದ ಸೈಕಲ್ ದಾರಿಯಲ್ಲಿ ನಿಂತು ಫೋಟೋ ತೆಗೆಯುವವರಿಗೆ ಅಲ್ಲಿನ ಸವಾರರು ದಾಕ್ಷಿಣ್ಯ ತೋರಿಸುವುದಿಲ್ಲ.

ನಡೆದಾಡಲು ಹೆರೆನ್‌ಗ್ರಾಖ್ಟಿನ ಶ್ರೀಮಂತ ಮಹಲುಗಳಿಗಿಂತ ಯೋರ್ಡಾನ್ ಮೊಹಲ್ಲಾ ಹೆಚ್ಚು ಆಪ್ತವಾಗಿದೆ. ಕೂಲಿಕಾರರಿಗೂ ಕುಶಲಕರ್ಮಿಗಳಿಗೂ ಮೀಸಲಾಗಿದ್ದ ಈ ಭಾಗದ ಓಣಿಗಳು ಹಳೆಯ ಹೊಲಗಳ ನೀರುಗಾಲುವೆಯ ಜಾಡನ್ನೇ ಹಿಡಿದುದರಿಂದ ಊರಿನ ಅರ್ಧವೃತ್ತಕ್ಕೆ ಹೊಂದದೆ ಓರೆಯಾಗಿ ಬಿದ್ದಿವೆ. ಶನಿವಾರ ಬೆಳಗ್ಗೆ ಅಲ್ಲಿನ ನೂರ್ಡರ್‌ಮಾರ್ಕ್ಟ್‌ನಲ್ಲಿ ರೈತರ ಸಂತೆ ನೆರೆಯುತ್ತದೆ. ಹತ್ತಿರದಲ್ಲೇ ಪ್ರಿನ್ಸೆನ್‌ಗ್ರಾಖ್ಟ್ 263ರಲ್ಲಿ ಆನ್ ಫ್ರಾಂಕ್ ಕುಟುಂಬ 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ಅಡಗಿದ್ದ ಮನೆಯಿದೆ. ಸೆಂಟ್ರಲ್ ನಿಲ್ದಾಣದ ಹಿಂಬದಿಯಿಂದ ಐ ಎಂಬ ಅಗಲವಾದ ನೀರಿನ ಹರವನ್ನು ದಾಟುವ ದೋಣಿ ಪೂರ್ತಿ ಉಚಿತ. ಕೆಲಸಕ್ಕೆ ಹೋಗುವವರು ಸೈಕಲ್ ಸಮೇತ ಹತ್ತಿ ಇಳಿಯುವ ಆ ಐದು ನಿಮಿಷದ ಪ್ರಯಾಣ, ಗಾಜಿನ ಮಾಡಿನ ಪ್ರವಾಸಿ ದೋಣಿಯ ಒಂದು ಗಂಟೆಗಿಂತ ಊರಿನ ಬಗ್ಗೆ ಹೆಚ್ಚು ಹೇಳುತ್ತದೆ.

ಊಟದ ವಿಷಯದಲ್ಲಿ ಉಡುಪಿಯ ಸಸ್ಯಾಹಾರಿಗಳಿಗೆ ಮೂರೂ ಊರುಗಳ ಪೈಕಿ ಆಮ್‌ಸ್ಟರ್‌ಡ್ಯಾಮ್ ಅಚ್ಚರಿಯ ರೀತಿಯಲ್ಲಿ ಅನುಕೂಲಕರ. ಡಚ್ಚರ ವಸಾಹತಾಗಿದ್ದ ದಕ್ಷಿಣ ಅಮೆರಿಕದ ಸುರಿನಾಮಿಗೆ 1873ರಿಂದ ಉತ್ತರ ಭಾರತದ ಕೂಲಿಗಳನ್ನು ಹಡಗಿನಲ್ಲಿ ಒಯ್ದಿದ್ದರು. ಅವರ ಸಂತತಿಯವರು ನೆದರ್‌ಲೆಂಡ್ಸಿಗೆ ಬಂದು ತೆರೆದ ಚಿಕ್ಕ ಹೋಟೆಲುಗಳಲ್ಲಿ ರೊಟ್ಟಿ, ಆಲೂಗಡ್ಡೆ ಪಲ್ಯ, ಉದ್ದನೆಯ ಅಲಸಂಡೆಯ ಪಲ್ಯ ಸಿಗುತ್ತವೆ. ಆಲ್ಬರ್ಟ್ ಕೈಪ್ ಸಂತೆಯ ಸುತ್ತಮುತ್ತ ಹುಡುಕಿದರೆ ಸಾಕು. ಮೀನು ತಿನ್ನುವವರು ಅದೇ ಸಂತೆಯಲ್ಲಿ ಉಪ್ಪಿನಲ್ಲಿಟ್ಟ ಹಸಿ ಹೆರಿಂಗ್ ಮೀನನ್ನು ಈರುಳ್ಳಿಯೊಂದಿಗೆ ತಿಂದು ನೋಡಬಹುದು. ನನ್ನ ಮಟ್ಟಿಗೆ ಬೇಯಿಸದ ಮೀನು ಎಂಬುದು ಇನ್ನೂ ಸಂಧಾನವಾಗದ ವಿಷಯ.

ಆಲಪ್ಪುಳ: ದೋಣಿಮನೆಯಲ್ಲಿ ಕಾಣದ ನೀರು

ಆಲಪ್ಪುಳದ ವಿಷಯದಲ್ಲಿ ನಮ್ಮ ಕಡೆಯವರು ಎರಡು ಬಗೆಯ ಮಾತಾಡುತ್ತಾರೆ. ದೋಣಿಮನೆಯಲ್ಲಿ ಒಂದು ರಾತ್ರಿ ಕಳೆದು ಬಂದು ಬಹಳ ಚೆನ್ನಾಗಿತ್ತು ಎನ್ನುವವರು ಕೆಲವರು. ತೆಂಗಿನ ಮರ, ಕುಚ್ಚಲಕ್ಕಿ ಅನ್ನ, ಮೀನು ಸಾರು ಎಲ್ಲ ನಮ್ಮಲ್ಲೇ ಇದೆಯಲ್ಲ, ಅದಕ್ಕೆ ಅಷ್ಟು ದೂರ ಯಾಕೆ ಎನ್ನುವವರು ಉಳಿದವರು. ನೋಡುವ ಕ್ರಮ ತಪ್ಪಿದರೆ ಎರಡನೆಯವರ ಮಾತು ಸರಿಯೇ. ದೋಣಿಮನೆ ಮಧ್ಯಾಹ್ನ ಹೊರಟು, ಸಂಜೆ ಐದೂವರೆಯ ಹೊತ್ತಿಗೆ ಮೀನುಗಾರರು ಬಲೆ ಹಾಕುವ ಸಮಯವಾಯಿತೆಂದು ದಡಕ್ಕೆ ಕಟ್ಟಿ, ಮರುದಿನ ಬೆಳಗ್ಗೆ ಮರಳುತ್ತದೆ. ಬಾಡಿಗೆಯ ದೊಡ್ಡ ಪಾಲು ನಿಂತ ದೋಣಿಯೊಳಗಿನ ಹವಾನಿಯಂತ್ರಿತ ಕೋಣೆಗೆ ಸಲ್ಲುತ್ತದೆ. ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಂ ಎಂಬ, ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟಿದ ದೋಣಿಯ ವಂಶದ್ದು ಅದು ಎಂಬ ಹೆಮ್ಮೆ ಇದೆ, ನಿಜ. ಆದರೆ ಆ ದೋಣಿ ಮಾಡುತ್ತಿದ್ದ ಕೆಲಸ ಅದರಲ್ಲಿ ಉಳಿದಿಲ್ಲ.

ಕೆಲಸ ಉಳಿದಿರುವುದು ಕೇರಳದ ಜಲಸಾರಿಗೆ ಇಲಾಖೆಯ ದೋಣಿಗಳಲ್ಲಿ. 1968ರಲ್ಲಿ ಆರಂಭವಾದ ಈ ಇಲಾಖೆಯ ಕೇಂದ್ರ ಕಚೇರಿ ಆಲಪ್ಪುಳದಲ್ಲೇ ಇದೆ. ಪಟ್ಟಣದ ಬಸ್ ನಿಲ್ದಾಣದ ಸಮೀಪದ ಕಟ್ಟೆಯಿಂದ ನೆಡುಮುಡಿ, ಕಾವಾಲಂ, ಕೈನಕರಿ, ಕೊಟ್ಟಾಯಂ ಕಡೆಗೆ ದಿನವಿಡೀ ದೋಣಿಗಳಿವೆ. ಕೊಟ್ಟಾಯಂ ಕಡೆಯ ಸುಮಾರು ಎರಡೂವರೆ ಗಂಟೆಯ ಪಯಣಕ್ಕೆ ತಗಲುವುದು ಒಂದು ಬಸ್ ಟಿಕೆಟಿನಷ್ಟು ಹಣ. ಹಳೆಯ ದೋಣಿಗಳಲ್ಲಿ ಮುಂದೆ ಚುಕ್ಕಾಣಿ ಹಿಡಿದ ಸ್ರಾಂಕ್ ಗಂಟೆಯ ದಾರ ಎಳೆದು ಎಂಜಿನಿನ ಬಳಿ ಕುಳಿತವನಿಗೆ ಸನ್ನೆ ಕೊಡುತ್ತಾನೆ. ದೋಣಿ ಕಟ್ಟೆಗೆ ಪೂರ್ತಿ ತಾಗುವ ಮೊದಲೇ ಸಮವಸ್ತ್ರದ ಮಕ್ಕಳು, ಗ್ಯಾಸ್ ಸಿಲಿಂಡರ್, ಅಕ್ಕಿ ಚೀಲ, ಆಸ್ಪತ್ರೆಯಿಂದ ಮರಳುವ ಅಜ್ಜಿ ಎಲ್ಲ ಹತ್ತಿ ಇಳಿದಾಗಿರುತ್ತದೆ. ಕಿಟಕಿಯ ಬದಿಯಲ್ಲಿ ಕುಳಿತು ದಂಡೆಯಾಚೆ ದೃಷ್ಟಿ ಹಾಯಿಸಿದರೆ ಮೊದಲು ಕಣ್ಣೇ ತಪ್ಪಿತೇನೋ ಎನಿಸುತ್ತದೆ, ಏಕೆಂದರೆ ಗದ್ದೆ ದೋಣಿಗಿಂತ ಕೆಳಗಿದೆ. ಕುಟ್ಟನಾಡಿನ ಭತ್ತದ ಗದ್ದೆಗಳು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿವೆ. ಸುತ್ತ ಮಣ್ಣಿನ ದಂಡೆ ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಕಾಲುವೆಗೆ ಎತ್ತಿ ಹಾಕಿ, ಬರಿದಾದ ಕೆಸರಿನಲ್ಲಿ ಬೇಸಾಯ ಮಾಡುತ್ತಾರೆ. ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮಾನ್ಯ ಮಾಡಿದೆ. ಡಚ್ಚರು ಕಡಲಿನಿಂದ ನೆಲವನ್ನು ಗೆದ್ದುಕೊಂಡದ್ದೂ ಇದೇ ಉಪಾಯದಿಂದ. 2018ರ ಮಹಾಪ್ರವಾಹದ ನಂತರ ನದಿಗೆ ಹರಿಯಲು ಜಾಗ ಬಿಟ್ಟುಕೊಡುವ ಡಚ್ ಯೋಜನೆಯನ್ನು ಕುಟ್ಟನಾಡಿಗೆ ಹೊಂದಿಸುವ ಬಗ್ಗೆ ಕೇರಳ ಸರಕಾರ ಆಸಕ್ತಿ ತೋರಿಸಿದ್ದಕ್ಕೆ ಕಾರಣ ಈ ಹೋಲಿಕೆ.

ಪಟ್ಟಣಕ್ಕೆ ಅರ್ಧ ದಿನ ಸಾಕು. 1862ರಲ್ಲಿ ಕಟ್ಟಿದ ಕಡಲ ಸೇತುವೆಯ ತುಕ್ಕು ಹಿಡಿದ ಕಂಬಗಳು, ಅದೇ ವರ್ಷದ ದೀಪಸ್ತಂಭ, ಹೆಂಚಿನ ಮಾಡಿನ ಹಳೆಯ ನಾರಿನ ಗೋದಾಮುಗಳು ಕಾಲುವೆಯ ಬದಿಯಲ್ಲಿವೆ. ಕೊಚ್ಚಿಯಲ್ಲಿ ಆಧುನಿಕ ಬಂದರು ಬೆಳೆದಂತೆ ಇಲ್ಲಿಯ ವ್ಯಾಪಾರ ಕರಗಿತು. ಕಾಲುವೆಯ ನೀರಿನಲ್ಲಿ ಹಲವೆಡೆ ಜಲಕಳೆ, ಕಸ ಎರಡೂ ಇವೆ. ಪೂರ್ವದ ವೆನಿಸ್ ಎಂಬ ಬಿರುದನ್ನು ನಂಬಿ ಪಟ್ಟಣದೊಳಗೇ ಉಳಿದವರಿಗೆ ನಿರಾಶೆಯಾಗುತ್ತದೆ. ಸಂಜೆಗೆ ಅಂಬಲಪ್ಪುಳದ ಕೃಷ್ಣ ದೇವಸ್ಥಾನಕ್ಕೆ ಹೋಗುವುದು ಒಳ್ಳೆಯದು. ಉಡುಪಿಯ ಮಠದ ಪಾಯಸ ಉಂಡು ಬೆಳೆದವರೂ ಅಲ್ಲಿನ ಹಾಲುಪಾಯಸಕ್ಕೆ ತಲೆದೂಗುತ್ತಾರೆ.

ಯಾರಿಗೆ ಯಾವುದು

ನಡೆಯಲು ಶಕ್ತಿಯಿದ್ದು, ವಿದೇಶಕ್ಕೆ ಒಂದೇ ಸಲ ಹೋಗುವ ಅವಕಾಶವಿರುವ ಕರಾವಳಿಯವರಿಗೆ ನಾನು ವೆನಿಸ್ಸನ್ನೇ ಹೇಳುತ್ತೇನೆ. ನೀರಿಗೆ ಬದಲಿಯೇ ಇಲ್ಲದ ಊರನ್ನು ಇನ್ನೆಲ್ಲೂ ಆ ಪ್ರಮಾಣದಲ್ಲಿ ಕಾಣಲಾಗದು. ಆದರೆ ಮೊಣಕಾಲು ನೋವಿನ ತಂದೆತಾಯಿಯರನ್ನು, ತಳ್ಳುಗಾಡಿಯ ಮಗುವನ್ನು ಕರೆದೊಯ್ಯುವುದಾದರೆ ಅಲ್ಲಿನ ಮೆಟ್ಟಿಲು ಸೇತುವೆಗಳು ದಿನಕ್ಕೆ ಹತ್ತಾರು ಬಾರಿ ಪರೀಕ್ಷೆಯೊಡ್ಡುತ್ತವೆ. ಅಂಥ ಸಂಸಾರಗಳಿಗೆ ಟ್ರಾಮ್ ಇರುವ, ಸಪಾಟು ನೆಲದ ಆಮ್‌ಸ್ಟರ್‌ಡ್ಯಾಮ್ ಸೂಕ್ತ; ಹೋಟೆಲಿನಲ್ಲಿ ಲಿಫ್ಟ್ ಇದೆಯೇ ಎಂದು ಮಾತ್ರ ಕೇಳಿ ಕಾದಿರಿಸಬೇಕು, ಹಳೆಯ ಕಟ್ಟಡಗಳಲ್ಲಿ ಅದಿರುವುದು ಅಪರೂಪ. ಚಿತ್ರಕಲೆಯಲ್ಲಿ ಆಸಕ್ತಿಯಿದ್ದವರಿಗೆ ರೈಕ್ಸ್‌ಮ್ಯೂಸಿಯಂ ಮತ್ತು ವಾನ್ ಗಾಗ್ ಸಂಗ್ರಹಾಲಯಗಳು ಅಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ವೆನಿಸ್ಸಿನ ಪಾಳಿ ಬೇರೆ: 1895ರಲ್ಲಿ ಆರಂಭವಾದ ಬಿಯೆನ್ನಾಲೆ ಎಂಬ ಅಂತರರಾಷ್ಟ್ರೀಯ ಪ್ರದರ್ಶನ ಈಗ ಒಂದು ವರ್ಷ ಕಲೆಗೂ ಮರುವರ್ಷ ವಾಸ್ತುಶಿಲ್ಪಕ್ಕೂ ಮೀಸಲಾಗಿ ವಸಂತದಿಂದ ನವೆಂಬರಿನವರೆಗೆ ನಡೆಯುತ್ತದೆ. ನಾಲ್ಕು ದಿನಗಳ ರಜೆಯಷ್ಟೇ ಇದ್ದವರಿಗೆ, ಸ್ಪಷ್ಟವಾಗಿಯೇ, ಆಲಪ್ಪುಳ. ಅಲ್ಲಿಂದ ಮುಂದೆ ಫೋರ್ಟ್ ಕೊಚ್ಚಿಯನ್ನು ಸೇರಿಸಿಕೊಂಡರೆ ಡಚ್ಚರು 1663ರಲ್ಲಿ ಪೋರ್ಚುಗೀಸರಿಂದ ಕಸಿದುಕೊಂಡ ಊರನ್ನೂ ನೋಡಿದಂತಾಗುತ್ತದೆ. ಬೆಲ್ಜಿಯಂನ ಬ್ರೂಜ್ ಚೆಂದದ ಊರೇ, ಆದರೆ ಅಲ್ಲಿ ಕಾಲುವೆ ಈಗ ನೋಟಕ್ಕಷ್ಟೇ ಇರುವುದರಿಂದ ಈ ಹೋಲಿಕೆಯಲ್ಲಿ ಅದನ್ನು ಸೇರಿಸಿಲ್ಲ.

ಋತುವಿನ ಲೆಕ್ಕವೂ ಮುಖ್ಯ. ವೆನಿಸ್ಸಿಗೆ ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು, ಸೊಳ್ಳೆ, ಜನಜಂಗುಳಿ ಮೂರೂ ಇರುತ್ತವೆ. ಆದರೂ ಸೆಪ್ಟೆಂಬರಿನ ಮೊದಲ ಭಾನುವಾರ ಮಹಾಕಾಲುವೆಯಲ್ಲಿ ನಡೆಯುವ ಐತಿಹಾಸಿಕ ದೋಣಿ ಸ್ಪರ್ಧೆ ಬೇಕೆನ್ನುವವರು ಗದ್ದಲವನ್ನು ಸಹಿಸಲೇಬೇಕು. ಆಮ್‌ಸ್ಟರ್‌ಡ್ಯಾಮಿನಲ್ಲಿ ಏಪ್ರಿಲ್ 27ರ ರಾಜನ ದಿನದಂದು ಇಡೀ ಊರು ಕಿತ್ತಳೆ ಬಣ್ಣ ತೊಟ್ಟು ಕುಡಿದು ಕುಣಿಯುತ್ತದೆ. ಯುವಕರಿಗೆ ಅದು ಹಬ್ಬ, ಮಕ್ಕಳೊಂದಿಗೆ ಹೋದವರಿಗೆ ತಲೆನೋವು. ಆಲಪ್ಪುಳದ ಪುನ್ನಮಡದಲ್ಲಿ ನೆಹರೂ ಟ್ರೋಫಿ ಸ್ಪರ್ಧೆ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ನಡೆಯುತ್ತದೆ, 1952ರಲ್ಲಿ ನೆಹರೂ ಬಂದಾಗ ಹುಟ್ಟಿದ ಸ್ಪರ್ಧೆ ಅದು. ನೂರಕ್ಕೂ ಹೆಚ್ಚು ಹುಟ್ಟುಗಾರರು ಕುಳಿತ ಚುಂಡನ್ ಎಂಬ ಹಾವಿನಂತೆ ಉದ್ದನೆಯ ದೋಣಿಗಳು ವಂಚಿಪ್ಪಾಟ್ಟು ಎಂಬ ದೋಣಿ ಹಾಡಿನ ಲಯಕ್ಕೆ ನೀರನ್ನು ಸೀಳುವಾಗ, ಕಂಬಳದ ಗಂತಿನಲ್ಲಿ ಕೂಗಿ ಅಭ್ಯಾಸವಿದ್ದ ನಮ್ಮವರು ಸುಮ್ಮನೆ ಕುಳಿತಿರಲಾರರು. ಕೆಲವು ವರ್ಷ ದಿನಾಂಕ ಮುಂದೂಡುವುದುಂಟು, ಆದ್ದರಿಂದ ಅದನ್ನು ಖಚಿತಪಡಿಸಿಕೊಂಡೇ ಟಿಕೆಟು ಮಾಡಬೇಕು.

ಇಟಲಿ, ನೆದರ್‌ಲೆಂಡ್ಸ್ ಎರಡೂ ಷೆಂಗೆನ್ ವಲಯದಲ್ಲಿರುವುದರಿಂದ ಒಂದೇ ವೀಸಾ ಸಾಕು. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸ್ವೀಕರಿಸುತ್ತಾರೆ, ವಯಸ್ಕರಿಗೆ ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ವಿಮಾನವಿದೆ. ವೆನಿಸ್ಸಿಗೆ ಮಂಗಳೂರಿನಿಂದಲೇ ಹೊರಟು ದುಬೈಯಲ್ಲಿ ವಿಮಾನ ಬದಲಿಸುವುದು ಸುಲಭ. ಆಮ್‌ಸ್ಟರ್‌ಡ್ಯಾಮಿನ ಹೋಟೆಲುಗಳು ದರದ ಮೇಲೆ ಶೇಕಡಾ 12.5 ಪ್ರವಾಸಿ ತೆರಿಗೆ ಸೇರಿಸುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಆನ್ ಫ್ರಾಂಕ್ ಮನೆಯ ಟಿಕೆಟುಗಳು ಆನ್‌ಲೈನ್‌ನಲ್ಲಿ ಮಾತ್ರ ದೊರೆಯುತ್ತವೆ, ಪ್ರತಿ ಮಂಗಳವಾರ ಆರು ವಾರ ಮುಂದಿನ ದಿನಗಳಿಗೆ ಬಿಡುಗಡೆಯಾಗುತ್ತವೆ, ಬೇಗನೆ ಮುಗಿದೂ ಹೋಗುತ್ತವೆ. ಆಲಪ್ಪುಳಕ್ಕೆ ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಮಾವೇಲಿ ಎಕ್ಸ್‌ಪ್ರೆಸ್ ಬೆಳಗಿನ ಜಾವಕ್ಕೆ ಮುಟ್ಟಿಸುತ್ತದೆ. ಉಡುಪಿಯವರು ನೇತ್ರಾವತಿ ಎಕ್ಸ್‌ಪ್ರೆಸ್ ಹಿಡಿಯಬಹುದು. ಮುಂಗಡ ಕಾದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ, ಓಣಂ ಸಮಯದಲ್ಲಾದರೆ ತೆರೆದ ದಿನವೇ ಮಾಡಿಸಬೇಕು.